ಕಂಪ್ಯೂಟರ್ ಜೋಡಣೆ: ಪೆಟ್ಟಿಗೆಯಲ್ಲಿ ಸಿಗದ ಬಿಡಿಭಾಗಗಳು

ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸುವಾಗ ಪ್ರೊಸೆಸರ್, ಮದರ್‌ಬೋರ್ಡ್‌ಗಳಂಥ ದುಬಾರಿ ಭಾಗಗಳು ಇಲ್ಲವೆಂದು ಕೆಲಸ ನಿಲ್ಲುವುದು ಅಪರೂಪ. ಪುಟ್ಟ ಸ್ಕ್ರೂ, ಹಿತ್ತಾಳೆಯ ಸ್ಟ್ಯಾಂಡ್‌ಆಫ್, ಸಾಟಾ ಕೇಬಲ್, ಕೂಲರ್‌ನ ಬ್ರಾಕೆಟ್, ಇಂಥವು ಸಿಗದೆ ನಿಲ್ಲುವುದೇ ಹೆಚ್ಚು. ಮೈಸೂರಿನ ಬನ್ನಿಮಂಟಪದಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಭಾಗಗಳನ್ನು ತರಿಸಿಕೊಂಡವರಿಗೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆ ಸುಮಾರು 145 ಕಿ.ಮೀ. ದೂರ. ಒಂದು ಸ್ಕ್ರೂಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ.

ಭಾಗ ನಿಜವಾಗಿಯೂ ಇಲ್ಲವೇ ಎಂಬುದನ್ನು ಮೊದಲು ನೋಡಬೇಕು. ಸ್ಕ್ರೂಗಳ ಪೊಟ್ಟಣವನ್ನು ಕ್ಯಾಬಿನೆಟ್ ಒಳಗೆ ಹಾರ್ಡ್‌ಡಿಸ್ಕ್ ಕೂರುವ ಜಾಗದಲ್ಲಿ ಕಟ್ಟಿರುವುದುಂಟು. ಎಂ.2 ಎಸ್‌ಎಸ್‌ಡಿಯ ಸ್ಕ್ರೂ ಎಷ್ಟೋ ಸಲ ಮದರ್‌ಬೋರ್ಡಿನ ಮೇಲೆಯೇ ತಿರುಗಿಸಿಟ್ಟಿರುತ್ತದೆ. ಕೆಲವು ವಸ್ತುಗಳನ್ನು ಕಂಪನಿಯೇ ಕೊಡುವುದಿಲ್ಲ: ಇಂಟೆಲ್‌ನ ಇತ್ತೀಚಿನ 'ಕೆ' ಪ್ರೊಸೆಸರ್‌ಗಳ ಜೊತೆ ಕೂಲರ್ ಬರುವುದಿಲ್ಲ, 'ಎಫ್' ಅಕ್ಷರವಿರುವವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಸ್ಟ್ಯಾಂಡ್‌ಆಫ್ ವಿಷಯದಲ್ಲಿ ಮಾತ್ರ ಅವಸರ ಕೂಡದು. ಮದರ್‌ಬೋರ್ಡಿನ ಬೆನ್ನಿಗಿರುವ ಬೆಸುಗೆಯ ತುದಿಗಳು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಬೋರ್ಡನ್ನು ಎತ್ತಿ ಹಿಡಿಯುವುದೇ ಅದರ ಕೆಲಸ. ಅದಿಲ್ಲದೆ ಕೂರಿಸಿ ವಿದ್ಯುತ್ ಹರಿಸಿದರೆ ಶಾರ್ಟ್ ಆಗಿ ಬೋರ್ಡ್ ಸುಡಬಹುದು. ಬೋರ್ಡಿನಲ್ಲಿ ತೂತಿಲ್ಲದ ಕಡೆ ಸ್ಟ್ಯಾಂಡ್‌ಆಫ್ ಉಳಿದಿದ್ದರೂ ಅದೇ ಅಪಾಯ. ಹಳೆಯ ಕ್ಯಾಬಿನೆಟ್ಟಿನಿಂದ ಬಿಚ್ಚಿದ ಸ್ಟ್ಯಾಂಡ್‌ಆಫ್‌ಗಳನ್ನು ಎತ್ತರ ಮತ್ತು ಮರೆ (ಥ್ರೆಡ್) ಹೊಂದಿದರೆ ಧಾರಾಳವಾಗಿ ಬಳಸಬಹುದು. ಸ್ಕ್ರೂಗಳಲ್ಲಿ ಮುಖ್ಯವಾಗಿ ಎರಡು ಬಗೆ: ಕ್ಯಾಬಿನೆಟ್ಟಿಗೆ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ದಪ್ಪ ಮರೆಯ 6-32, 2.5 ಇಂಚಿನ ಎಸ್‌ಎಸ್‌ಡಿಗೆ ನವಿರು ಮರೆಯ ಎಂ3. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಮರೆ ಕೆಡುತ್ತದೆ. ಎಂ.2 ಎಸ್‌ಎಸ್‌ಡಿಯ ಸ್ಕ್ರೂ ಸಾಮಾನ್ಯವಾಗಿ 2 ಮಿ.ಮೀ. ದಪ್ಪದ್ದು, ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಸಾಟಾ ಡೇಟಾ ಕೇಬಲ್, ಎಸ್‌ಎಂಪಿಎಸ್‌ಗೆ ಗೋಡೆಯಿಂದ ಬರುವ ಮೂರು ಪಿನ್ನಿನ ವೈರು ಯಾವ ಕಂಪನಿಯದಾದರೂ ನಡೆಯುತ್ತದೆ. ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ಕೇಬಲ್‌ಗಳು ಹಾಗಲ್ಲ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಸಲೀಸಾಗಿ ಕೂತಿತೆಂದು ಬೇರೆಯ ಕೇಬಲ್ ಸಿಕ್ಕಿಸಿದರೆ ಎಸ್‌ಎಸ್‌ಡಿ, ಬೋರ್ಡ್ ಎರಡೂ ಹೋಗಬಹುದು. ಮಾದರಿ ಸಂಖ್ಯೆ ತಿಳಿಸಿ ತಯಾರಕರಿಂದಲೇ ತರಿಸಿಕೊಳ್ಳುವುದು ಸರಿ, ಅದಕ್ಕಾಗಿ ಎಷ್ಟು ದಿನ ಕಾದರೂ ನಷ್ಟವಿಲ್ಲ.

ಕೊಡಬೇಕಾದ ಭಾಗವನ್ನು ಕೊಡದಿದ್ದರೆ ಮಾರಾಟಗಾರರು ಹೊಣೆ. ಪೆಟ್ಟಿಗೆ ತೆರೆಯುವಾಗಲೇ ವಿಡಿಯೊ ಮಾಡಿಕೊಂಡು, ಬಿಲ್ಲು ಜೋಪಾನ ಮಾಡಿ, ವಾಪಸಾತಿಯ ಗಡುವಿನೊಳಗೆ ಬರಹದಲ್ಲಿ ದೂರು ಕೊಡಬೇಕು. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ-2019ರ ಪ್ರಕಾರ, ಮಾರಾಟಗಾರರು ದೆಹಲಿಯಲ್ಲಿದ್ದರೂ ಬನ್ನಿಮಂಟಪದ ಗ್ರಾಹಕರು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.