ಮನೆಮಂದಿಯ ಗುಡ್ಡದ ನಡಿಗೆ: ಕಿಲೋಮೀಟರ್ ಬಿಡಿ, ಗಡಿಯಾರ ನೋಡಿ

ಜಮಖಂಡಿ: ರಜೆಯ ದಿನ ಮಕ್ಕಳು, ಹಿರಿಯರನ್ನು ಕರೆದುಕೊಂಡು ಗುಡ್ಡ ಹತ್ತಬೇಕೆಂದರೆ ನಗರವಾಸಿಗಳಿಗೆ ಮೊದಲು ನೆನಪಾಗುವುದು ಕೊಡಗು, ಚಿಕ್ಕಮಗಳೂರು. ಕೈಯಲ್ಲಿ ಕಾಸು ಹೆಚ್ಚಿದ್ದವರಿಗೆ ಹಿಮಾಲಯ ಅಥವಾ ಆಲ್ಪ್ಸ್. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೆಸರು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಕಬ್ಬು, ಸಕ್ಕರೆ ಕಾರ್ಖಾನೆ, ಮಗ್ಗ ಮತ್ತು ಬಿಸಿಲಿಗೆ ಹೆಸರಾದ ಸೀಮೆ ಇದು. ಆದರೂ ಅರ್ಧ ದಿನದೊಳಗೆ ಮುಗಿಯುವ, ಐದು ವರ್ಷದ ಮಗುವೂ ನಡೆಯಬಹುದಾದ ಗುಡ್ಡಗಳಿಗೆ ಇಲ್ಲಿ ಬರವಿಲ್ಲ. ಬರವಿರುವುದು ನೆರಳಿಗೆ. ಹೀಗಾಗಿ ಇಲ್ಲಿ ನಡಿಗೆಯ ಯೋಜನೆ ಗಡಿಯಾರದಿಂದ ಆರಂಭವಾಗಬೇಕು.

ಈ ವಿಷಯದಲ್ಲಿ ಸ್ವಿಟ್ಜರ್ಲೆಂಡ್‌ನ ಕ್ರಮ ಗಮನಾರ್ಹ. ಅಲ್ಲಿನ ಕಣಿವೆಗಳಲ್ಲಿ ವಿಶೇಷ ಪರಿಣತಿ ಬೇಡದ ಸುಲಭ ಹಾದಿಗಳನ್ನು ಹಳದಿ ಬಣ್ಣದಿಂದ ಗುರುತಿಸುತ್ತಾರೆ. ಕಠಿಣ ಹಾದಿಗೆ ಬಿಳಿ-ಕೆಂಪು, ಅತಿ ಕಠಿಣವಾದುದಕ್ಕೆ ಬಿಳಿ-ನೀಲಿ. ದಾರಿಫಲಕದ ಮೇಲೆ ಬರೆದಿರುವುದು ಎಷ್ಟು ಕಿಲೋಮೀಟರ್ ಎಂದಲ್ಲ, ಎಷ್ಟು ಹೊತ್ತು ಎಂದು. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 4 ಕಿ.ಮೀ. ವೇಗ ಹಿಡಿದು ಮಾಡಿದ ಆ ಲೆಕ್ಕದಲ್ಲಿ ವಿಶ್ರಾಂತಿಯ ಸಮಯ ಸೇರಿಲ್ಲ. ಅಜ್ಜಿ, ಮೊಮ್ಮಗು ಜೊತೆಗಿರುವ ಕುಟುಂಬ ಆ ವೇಗದ ಅರ್ಧವನ್ನು ಹಿಡಿದರೆ ಸಾಕು. ಹೋಗಿಬರುವುದು 3 ಕಿ.ಮೀ. ಆದರೆ ಒಂದೂವರೆ ಗಂಟೆ ನಡಿಗೆ, ಅರ್ಧ ಗಂಟೆ ಬುತ್ತಿ, ಮಕ್ಕಳು ಕಲ್ಲು ಆರಿಸಲು ನಿಂತಿದ್ದಕ್ಕೆ ಇನ್ನರ್ಧ ಗಂಟೆ. ಒಟ್ಟು ಎರಡೂವರೆ ಗಂಟೆ.

ಈ ಎರಡೂವರೆ ಗಂಟೆಯನ್ನು ದಿನದ ಯಾವ ಭಾಗದಲ್ಲಿ ಇಡಬೇಕೆಂಬುದೇ ಮುಖ್ಯ ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7 ಗಂಟೆಯ ಆಸುಪಾಸಿನಲ್ಲಿ. ಆಗ ಹೊರಟರೆ ಹತ್ತರೊಳಗೆ ಮನೆ ಸೇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆ ಎರಡು ತಿಂಗಳು ಮಕ್ಕಳೊಡನೆ ಗುಡ್ಡದ ಮಾತು ಬೇಡವೆನ್ನುವುದೇ ಕ್ಷೇಮ.

ಇದು ಇಲ್ಲಿನವರಿಗೆ ಹೊಸ ಜ್ಞಾನವೇನಲ್ಲ. ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ನಡೆದು, ನಡುಮಧ್ಯಾಹ್ನ ಮರದಡಿ ಮಲಗುತ್ತಾರೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವುದೂ ಒಂದು ಕುಟುಂಬ ನಡಿಗೆಯೇ. ಅದು ಬರುವುದು ವರ್ಷದ ಅತ್ಯಂತ ತಂಪಾದ ದಿನಗಳಲ್ಲಿ.

ಎಲ್ಲಿಂದ ಆರಂಭ?

ಮೊದಲ ಬಾರಿ ಹೊರಡುವವರಿಗೆ ಜಮಖಂಡಿಯ ರಾಮತೀರ್ಥ ಗುಡ್ಡ ಸೂಕ್ತ. 1811ರಿಂದ 1948ರವರೆಗೆ ಇದ್ದ ಜಮಖಂಡಿ ಸಂಸ್ಥಾನದ ಪಟವರ್ಧನ ಅರಸರ ಅರಮನೆ ಇರುವುದು ಇಲ್ಲಿಯೇ. ಊರಿಗೆ ಹತ್ತಿರ, ವಾಹನ ಹೋಗುವ ರಸ್ತೆಯೂ ಉಂಟು. ಮಂಡಿನೋವಿರುವ ಹಿರಿಯರನ್ನು ಗಾಡಿಯಲ್ಲಿ ಮೇಲಕ್ಕೆ ಬಿಟ್ಟು ಉಳಿದವರು ನಡೆದು ಸೇರಿಕೊಳ್ಳಬಹುದೆಂಬುದು ಇದರ ದೊಡ್ಡ ಅನುಕೂಲ. ಅರಮನೆಯ ಒಳಗೆ ಬಿಡುತ್ತಾರೆಂದು ನೆಚ್ಚಿಕೊಂಡು ಹೊರಡದೆ ಗುಡ್ಡವನ್ನೇ ಗುರಿಯಾಗಿಸಿಕೊಂಡರೆ ಮಕ್ಕಳಿಗೆ ನಿರಾಸೆಯಾಗದು.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡು ಬೇರೆಯದೇ ಬಗೆಯದು. 2016ರಲ್ಲಿ ಸುಮಾರು 96 ಚದರ ಕಿ.ಮೀ. ಪ್ರದೇಶವನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿಂಕಾರ ಬಹಳ ನಾಚಿಕೆ ಸ್ವಭಾವದ ಪ್ರಾಣಿ. ಬೇಕಾದ ನೀರನ್ನು ಹೆಚ್ಚಾಗಿ ಮೇಯುವ ಸೊಪ್ಪಿನಿಂದಲೇ ಪಡೆದು ಬರದ ನಾಡಿನಲ್ಲಿ ಬದುಕುತ್ತದೆ. ಕಂಡೇ ಕಾಣುತ್ತದೆಂದು ಮಕ್ಕಳಿಗೆ ಮಾತು ಕೊಡಬಾರದು. ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಮುಧೋಳ ಬೇಟೆನಾಯಿಯ ತವರಾದರೂ ಮನೆಯ ನಾಯಿಯನ್ನು ಮಾತ್ರ ಇಲ್ಲಿಗೆ ತರುವಂತಿಲ್ಲ.

ಬೀಳಗಿ ತಾಲ್ಲೂಕಿನ ಆಲಮಟ್ಟಿ ಹಿನ್ನೀರಿನ ಅಂಚು ಚಳಿಗಾಲದಲ್ಲಿ ಹಕ್ಕಿ ನೋಡಲು ಒಳ್ಳೆಯ ಜಾಗ. ರಾಜಹಂಸಗಳು, ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನೀರು ಹಿಂದೆ ಸರಿದಂತೆ ತೆರೆದುಕೊಳ್ಳುವ ಕೆಸರು ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ದಡದಿಂದಲೇ ನೋಡಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದು ರಬಕವಿ-ಬನಹಟ್ಟಿ, ಜಮಖಂಡಿ ಕಡೆಯ ನದಿಪಾತ್ರಕ್ಕೆ ಹೋಗುವವರಿಗೂ ನೆನಪಿರಲಿ. ಮಕ್ಕಳು ಕಾಲು ತೊಳೆಯಲು ಇಳಿಯಕೂಡದು. ಮಳೆಗಾಲದಲ್ಲಿ ನದಿದಂಡೆಯ ನಡಿಗೆಯನ್ನು ಕೈಬಿಡುವುದೇ ಸರಿ. 2019 ಮತ್ತು 2021ರಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ದಂಡೆಯ ಊರುಗಳಿಗೇ ನುಗ್ಗಿದ್ದವು.

ಬುತ್ತಿ, ನೀರು, ರಸ್ತೆ

ನಡೆಯುವ ಒಬ್ಬೊಬ್ಬ ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರ್ ನೀರು, ಅದರ ಮೇಲೆ ಒಂದು ಬಾಟಲಿ ಹೆಚ್ಚು. ಗುಡ್ಡದ ಮೇಲೆ ನೀರು ಸಿಗುತ್ತದೆಂಬ ಭರವಸೆ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ, ಭಾರವೂ ಅಲ್ಲ. ಮಳೆ ಬಿದ್ದ ಮರುದಿನ ಎರೆ ಮಣ್ಣಿನ ಹಾದಿ ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ. ಕಲ್ಲು-ಮಸಾರಿ ನೆಲದ ಗುಡ್ಡ ಆರಿಸಿಕೊಳ್ಳಬೇಕು.

ಬಿಸಿಲಿಗಿಂತ ದೊಡ್ಡ ಅಪಾಯ ಒಂದಿದೆ. ನಡಿಗೆಗೆ ಹದವಾದ ಚಳಿಗಾಲವೇ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲಿರುಳು ಓಡಾಡುತ್ತವೆ, ಎಷ್ಟೋ ಟ್ರೇಲರ್‌ಗಳ ಹಿಂದೆ ದೀಪವಿರುವುದಿಲ್ಲ. ನಸುಕಿನಲ್ಲಿ ಮುಖ್ಯ ರಸ್ತೆಯಂಚಿನಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗುವುದು ಸಲ್ಲದು. ಗುಡ್ಡದ ಬುಡದವರೆಗೆ ವಾಹನದಲ್ಲೇ ಹೋಗಬೇಕು.

ಹಿಂದಿರುಗುವ ಗಳಿಗೆಯನ್ನು ಹೊರಡುವ ಮೊದಲೇ ಎಲ್ಲರ ಎದುರು ಹೇಳಿಬಿಡುವುದು ಒಳ್ಳೆಯದು. ಒಂಬತ್ತು ಎಂದರೆ ಒಂಬತ್ತು. ನೆತ್ತಿ ನೂರು ಹೆಜ್ಜೆ ದೂರವಿದ್ದರೂ ಸರಿಯೇ. ಮಗು ಮಂಕಾದರೆ, ತಲೆನೋವೆಂದರೆ ಕೂಡಲೇ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗುಟುಕು ಗುಟುಕಾಗಿ ನೀರು ಕೊಡಬೇಕು. ಮೈ ಸುಡುತ್ತಿದ್ದು ಮಾತು ತೊದಲಿದರೆ ನೀರು ಕುಡಿಸಲು ಹೋಗದೆ, ಮೈ ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಬೇಕು.