ಪರದೆಯ ಆಚೆಗಷ್ಟೇ ಸಾತೆ: ಒಂದು ಬೀದಿ ತಿಂಡಿ ಬಿಸಿನೆಸ್ ಕ್ಲಾಸ್ ಹತ್ತಿದ್ದು ಹೇಗೆ?

ಮಲೇಷ್ಯಾ ಏರ್‌ಲೈನ್ಸ್‌ನ ಬಿಸಿನೆಸ್ ಕ್ಲಾಸಿನಲ್ಲಿ ಊಟ ಅಂದರೆ ಮೊದಲು ನೆನಪಾಗುವುದು ಸಾತೆ. ಬಿದಿರಿನ ಸಣ್ಣ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸದ ತುಂಡುಗಳು, ಪಕ್ಕದಲ್ಲಿ ಸೌತೆಕಾಯಿ, ಹಸಿ ಈರುಳ್ಳಿ, ಒಂದು ಪುಟ್ಟ ಬಟ್ಟಲಲ್ಲಿ ಕಡಲೆಕಾಯಿ ಸಾಸ್. ನೆರೆಯ ಸಿಂಗಪುರ ಏರ್‌ಲೈನ್ಸ್ ಕೂಡ ತನ್ನ ಮುಂದಿನ ಸಾಲುಗಳಲ್ಲಿ ಇದನ್ನೇ ಬಡಿಸುತ್ತದೆ. ಎರಡೂ ಕಂಪನಿಗಳಿಗೆ ಸಾತೆ ಬರೀ ತಿಂಡಿಯಲ್ಲ, ಗುರುತು. ನಾಲ್ಕು ಹೆಜ್ಜೆ ಹಿಂದೆ, ಪರದೆಯ ಈಚೆ ಕೂತವರಿಗೆ ವಾಸನೆ ಬರುತ್ತೆ, ಸಾತೆ ಬರಲ್ಲ.

ಜಾಸ್ತಿ ದುಡ್ಡು ಕೊಟ್ಟವರಿಗೆ ಒಳ್ಳೆ ಊಟ, ಇದರಲ್ಲಿ ವಿಶ್ಲೇಷಿಸೋಕೆ ಏನಿದೆ ಅಂತ ನೀವು ಕೇಳಬಹುದು. ಆದರೆ ಸಾತೆ ಶ್ರೀಮಂತರ ಅಡುಗೆಯೇ ಅಲ್ಲ. ಕಡ್ಡಿ ಲೆಕ್ಕದಲ್ಲಿ, ಚಿಲ್ಲರೆ ಕಾಸಿಗೆ ಮಾರಾಟವಾಗುತ್ತಿದ್ದ ಬೀದಿ ತಿಂಡಿ ಅದು. ಅಂಥದ್ದು ಬೀದಿಯಿಂದ ಎದ್ದು ವಿಮಾನದ ಅತಿ ದುಬಾರಿ ಸೀಟಿಗೆ ಬಂದು ಕೂತಿದ್ದರ ಹಿಂದೆ ಸರ್ಕಾರಗಳ ನಿರ್ಧಾರಗಳಿವೆ, ಒಂದು ಉದ್ದನೆಯ ಕರಾರಿದೆ.

ಸಾತೆಯ ತವರು ಜಾವಾ ಅಂತ ಹೆಚ್ಚಿನವರು ಒಪ್ಪುತ್ತಾರೆ. ಅರಬ್ ಮತ್ತು ಭಾರತದ ಮುಸ್ಲಿಂ ವ್ಯಾಪಾರಿಗಳು ತಂದ ಕಬಾಬ್‌ನ ಪ್ರಭಾವ ಅದರ ಮೇಲಿದೆ ಅನ್ನುವುದು ಸಾಮಾನ್ಯ ವಿವರಣೆ. ಹೆಸರು ತಮಿಳಿನ ಮಾಂಸ ಎಂಬರ್ಥದ ‘ಸದೈ’ಯಿಂದ ಬಂತು ಎನ್ನುವ ವಾದವೂ ಇದೆ, ಕೇಳೋಕೆ ಚೆನ್ನಾಗಿದೆ, ಗಟ್ಟಿ ಪುರಾವೆ ಇಲ್ಲ. ಇನ್ನು ಸಾಸಿನ ಕಡಲೆಕಾಯಿ ದಕ್ಷಿಣ ಅಮೆರಿಕದ್ದು, ವಸಾಹತುಗಾರರ ಹಡಗು ಹತ್ತಿ ಏಷ್ಯಾಕ್ಕೆ ಬಂದಿದ್ದು. ಇಷ್ಟು ಬೆರಕೆಯ ತಿಂಡಿಯನ್ನು ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ ಮೂರೂ ‘ನಮ್ಮದು’ ಅನ್ನುತ್ತವೆ. ನಮ್ಮಲ್ಲಿ ಮೈಸೂರು ಪಾಕ್ ಯಾರದ್ದು ಅಂತ ತಮಿಳುನಾಡಿನ ಜೊತೆ ಜಗಳವಾಡಿದವರಿಗೆ ಇದು ಹೊಸದೇನಲ್ಲ.

ಈಗ ಸಿಂಗಪುರದ ಬೀದಿಗೆ ಬನ್ನಿ. ಬೀಚ್ ರೋಡ್ ಹತ್ತಿರ ಸಾತೆ ಮಾರುವವರೆಲ್ಲ ಒಂದೆಡೆ ಸೇರುತ್ತಿದ್ದ ಜಾಗಕ್ಕೆ ಜನ ‘ಸಾತೆ ಕ್ಲಬ್’ ಅಂತ ಹೆಸರಿಟ್ಟಿದ್ದರು. ಸ್ವತಂತ್ರ ಸಿಂಗಪುರದ ಸರ್ಕಾರ 1960ರ ದಶಕದ ಕೊನೆಗೆ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿತು. ನೈರ್ಮಲ್ಯ, ಕೊಳಚೆ, ಟ್ರಾಫಿಕ್ ಕಾರಣ ಕೊಟ್ಟು 1970ರ ದಶಕದಿಂದ ಅವರನ್ನು ಹಾಕರ್ ಸೆಂಟರ್‌ಗಳಿಗೆ ಸ್ಥಳಾಂತರಿಸಿತು. 1986ರ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಸಾತೆ ಕ್ಲಬ್ ಎಸ್ಪ್ಲನೇಡ್ ಕಡೆಗೆ ಹೋಯಿತು, 1995ರಲ್ಲಿ ಅಲ್ಲಿಂದಲೂ ಎದ್ದಿತು. ನ್ಯಾಯವಾಗಿ ಹೇಳಬೇಕು ಅಂದರೆ, ನಮ್ಮ ಪಾಲಿಕೆಗಳ ಹಾಗೆ ತಳ್ಳುಗಾಡಿ ಎತ್ತಿ ಲಾರಿಗೆ ಹಾಕಿ ಕೈತೊಳೆದುಕೊಳ್ಳಲಿಲ್ಲ. ಸೂರು, ನೀರು, ಪರವಾನಗಿ ಕೊಟ್ಟರು. ಆದರೂ ಕೆಂಡ ಊದುತ್ತಾ ಬೀದಿಯಲ್ಲಿ ಕೂರುವ ಸಾತೆಯವನು ಹೊಸ ದೇಶದ ಚಿತ್ರಕ್ಕೆ ಹೊಂದುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ವಿಮಾನದಲ್ಲಿ ಉಲ್ಟಾ ಕೆಲಸ ನಡೆಯುತ್ತಿತ್ತು. ಮಲೇಷ್ಯಾ ಮತ್ತು ಸಿಂಗಪುರ 1965ರಲ್ಲಿ ಬೇರೆಯಾದರೂ ವಿಮಾನ ಕಂಪನಿ ಮಾತ್ರ ಜಂಟಿಯಾಗಿಯೇ ಉಳಿದಿತ್ತು. 1972ರಲ್ಲಿ ಅದೂ ಒಡೆಯಿತು. ಒಂದೇ ಅಡುಗೆ, ಒಂದೇ ಉಡುಗೆ, ಒಂದೇ ಸಮುದ್ರ ಹಂಚಿಕೊಂಡವರು ಎರಡು ಬೇರೆ ಬೇರೆ ‘ರಾಷ್ಟ್ರೀಯ’ ಗುರುತು ಕಟ್ಟಬೇಕಾಯಿತು. ಗಗನಸಖಿಯರಿಗೆ ಸಾರೊಂಗ್ ಕೆಬಾಯ, ತಟ್ಟೆಗೆ ಸಾತೆ. ಬೀದಿಯಲ್ಲಿ ಕೊಳಕು ಅನ್ನಿಸಿಕೊಂಡದ್ದು ಆಕಾಶದಲ್ಲಿ ಸಂಸ್ಕೃತಿ ಆಯಿತು.

ಊಟಕ್ಕೆ ಅಷ್ಟು ಮಹತ್ವ ಬಂದಿದ್ದಕ್ಕೂ ಕಾರಣ ಇದೆ. ಆ ಕಾಲದಲ್ಲಿ ಅಂತರರಾಷ್ಟ್ರೀಯ ಟಿಕೆಟ್ ದರಗಳನ್ನು ಕಂಪನಿಗಳ ಒಕ್ಕೂಟವಾದ ಐಯಾಟಾ ನಿಗದಿ ಮಾಡುತ್ತಿತ್ತು. ದರದಲ್ಲಿ ಪೈಪೋಟಿ ಮಾಡುವಂತಿಲ್ಲ, ಹಾಗಾಗಿ ಜಗಳವೆಲ್ಲ ತಟ್ಟೆಗೆ ಇಳಿಯಿತು. 1958ರಲ್ಲಿ ಎಕಾನಮಿಯವರಿಗೆ ಬರೀ ಸ್ಯಾಂಡ್‌ವಿಚ್ ಕೊಡಬೇಕು ಅಂತ ನಿಯಮ ಇದ್ದಾಗ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ‘ಸ್ಯಾಂಡ್‌ವಿಚ್’ ಹೆಸರಲ್ಲಿ ತಟ್ಟೆ ತುಂಬ ಬಡಿಸಿ 20,000 ಡಾಲರ್ ದಂಡ ಕಟ್ಟಿತ್ತು! ಬಡ ಕ್ಲಾಸಿನವರಿಗೆ ಜಾಸ್ತಿ ಚೆನ್ನಾಗಿ ಊಟ ಹಾಕಿದ್ದಕ್ಕೆ ದಂಡ. ಸಿಂಗಪುರ ಏರ್‌ಲೈನ್ಸ್ ಆಗ ಈ ಒಕ್ಕೂಟದ ಹೊರಗಿತ್ತು. ಆ ಸ್ವಾತಂತ್ರ್ಯ ಬಳಸಿಕೊಂಡೇ ಉಚಿತ ಡ್ರಿಂಕ್ಸ್, ಊಟದಲ್ಲಿ ಆಯ್ಕೆ ಕೊಟ್ಟು ಹೆಸರು ಮಾಡಿತು.

ಇನ್ನು ಅಡುಗೆಯ ಲೆಕ್ಕ. ಎಂಜಿನಿಯರಿಂಗ್ ಓದಿದ ಚಟ, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಸಾತೆಯ ಜೀವ ಕೆಂಡ. ವಿಮಾನದಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ನೆಲದ ಅಡುಗೆಮನೆಯಲ್ಲೇ ಸುಟ್ಟು, ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಬೇಗ ತಣಿಸಿ, ಸುಮಾರು 5 ಡಿಗ್ರಿಗಿಂತ ಕೆಳಗಿಟ್ಟು, ಗಂಟೆಗಟ್ಟಲೆ ಕಳೆದ ಮೇಲೆ ವಿಮಾನದ ಓವನ್‌ನಲ್ಲಿ ಬಿಸಿಗಾಳಿಯಿಂದ ಮತ್ತೆ ಕಾಯಿಸುತ್ತಾರೆ. ಇಷ್ಟಾಗುವಾಗ ಬಹಳಷ್ಟು ಮಾಂಸದಡುಗೆಗಳು ಒಣಗಿ ರಟ್ಟಾಗುತ್ತವೆ. ಸಾತೆ ಬಚಾವಾಗುತ್ತದೆ: ಎಣ್ಣೆ, ಸಕ್ಕರೆ, ಅರಿಶಿನ, ಮಜ್ಜಿಗೆ ಹುಲ್ಲಿನ ಮಸಾಲೆಯಲ್ಲಿ ಮೊದಲೇ ನೆನೆದಿರುತ್ತೆ, ತುಂಡು ಚಿಕ್ಕದಾದ್ದರಿಂದ ಬೇಗ ಬಿಸಿಯಾಗುತ್ತೆ, ಉಳಿದ ಕೊರತೆಯನ್ನು ಸಾಸ್ ಮುಚ್ಚುತ್ತೆ.

ನಾಲಿಗೆಯ ಕಡೆಯಿಂದಲೂ ನೋಡಿ. ವಿಮಾನದೊಳಗಿನ ಗಾಳಿಯ ಒತ್ತಡ ಸಮುದ್ರಮಟ್ಟದಿಂದ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇದ್ದ ಹಾಗೆ, ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತು ಉಂಡಂತೆ. ಗಾಳಿಯ ತೇವಾಂಶ ಶೇ 20ಕ್ಕಿಂತ ಕಡಿಮೆ, ಮೂಗು ಒಣಗುತ್ತೆ, ವಾಸನೆ ಗೊತ್ತಾಗಲ್ಲ. ಲುಫ್ತಾನ್ಸಾ ಕಂಪನಿಗಾಗಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಉಪ್ಪು ಮತ್ತು ಸಿಹಿ ಗ್ರಹಿಕೆ ಚೆನ್ನಾಗಿಯೇ ಕುಸಿಯುವುದು ಕಂಡಿತು. 2015ರ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ ವಿಮಾನದಂಥ ಗದ್ದಲದಲ್ಲಿ ಸಿಹಿ ಮಂಕಾಗುತ್ತದೆ, ಉಮಾಮಿ ಅನ್ನುವ ಮಾಂಸ-ಟೊಮೆಟೊ ಥರದ ರುಚಿ ಹೆಚ್ಚಾಗುತ್ತದೆ. ಸುಟ್ಟ ಮಾಂಸ, ಖಾರ, ಗಾಢವಾದ ಸಾಸ್ ಇರುವ ಸಾತೆಗೆ ಇದಕ್ಕಿಂತ ಅನುಕೂಲ ಬೇಕಾ? ಬೀದಿಬದಿಯ ಒರಟು ರುಚಿಯೇ ಅದನ್ನು ಮೇಲೆ ಉಳಿಸಿತು.

ಆದರೆ ಆ ಅಡುಗೆಮನೆ ಯಾರದ್ದು? ಮಲೇಷ್ಯಾದಲ್ಲಿ ಈ ಪ್ರಶ್ನೆ ತಟ್ಟೆಯಷ್ಟು ಚಿಕ್ಕದಾಗಿರಲಿಲ್ಲ.

ಮಲೇಷ್ಯಾ ಏರ್‌ಲೈನ್ಸ್‌ಗೆ ತನ್ನದೇ ಅಡುಗೆ ಕಂಪನಿ ಇತ್ತು. 2003ರಲ್ಲಿ ಅದರ ಶೇ 70ರಷ್ಟು ಪಾಲನ್ನು ಮಾರಿತು, ಜೊತೆಗೆ 25 ವರ್ಷ ಅಲ್ಲಿಂದಲೇ ಊಟ ಕೊಳ್ಳುವ ಕರಾರು ಮಾಡಿಕೊಂಡಿತು. ಖರೀದಿಯಲ್ಲಿದ್ದ ಬ್ರಾಹಿಮ್ಸ್ ಸಮೂಹದ ಮುಖ್ಯಸ್ಥ ಇಬ್ರಾಹಿಂ ಬದಾವಿ, ಅಬ್ದುಲ್ಲಾ ಬದಾವಿಯವರ ತಮ್ಮ. ಅಬ್ದುಲ್ಲಾ ಆಗ ಉಪಪ್ರಧಾನಿ, ಅದೇ ಅಕ್ಟೋಬರ್‌ನಲ್ಲಿ ಪ್ರಧಾನಿಯಾದರು. ಇದರಲ್ಲಿ ಅಕ್ರಮ ನಡೆಯಿತು ಅಂತ ನಾನು ಹೇಳ್ತಿಲ್ಲ. ಅಕ್ರಮ ಇಲ್ಲದೆಯೂ ಇಂಥ ಕರಾರು ಸಮಸ್ಯೆಯೇ. ನಷ್ಟದಲ್ಲಿರುವ ವಿಮಾನ ಕಂಪನಿಯೊಂದು ಕಾಲು ಶತಮಾನ ಒಂದೇ ಅಡುಗೆಮನೆಗೆ ಕಟ್ಟುಬಿದ್ದರೆ ಚೌಕಾಸಿಗೆ ಜಾಗವೇ ಇರಲ್ಲ. ಕರಾರು ನಂಬಿಕೊಂಡ ಅಡುಗೆ ಕಂಪನಿಯೂ ಒಬ್ಬನೇ ದೊಡ್ಡ ಗಿರಾಕಿಗೆ ಜೋತುಬೀಳುತ್ತದೆ.

2014ರಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ಕಾಣೆಯಾಯಿತು, ಎಂಎಚ್17 ಉಕ್ರೇನ್ ಮೇಲೆ ಕ್ಷಿಪಣಿಗೆ ಬಲಿಯಾಯಿತು. ಸರ್ಕಾರಿ ಹೂಡಿಕೆ ನಿಧಿ ಖಜಾನಾ ಕಂಪನಿಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡು 600 ಕೋಟಿ ರಿಂಗಿಟ್‌ನ ಪುನಶ್ಚೇತನ ಯೋಜನೆ ಮಾಡಿತು. ಸುಮಾರು 20,000 ನೌಕರರಲ್ಲಿ 6,000 ಜನರ ಕೆಲಸ ಹೋಯಿತು. ಹಳೆ ಕರಾರುಗಳನ್ನೆಲ್ಲ ಮತ್ತೆ ಮಾತಿಗೆ ತಂದರು, ಊಟದ್ದನ್ನೂ.

ಕೊನೆಗೆ 2023ರ ಆಗಸ್ಟ್ 31ಕ್ಕೆ ಸಂಬಂಧ ಮುರಿಯಿತು. ಹೊಸ ಷರತ್ತುಗಳಿಗೆ ಒಪ್ಪಂದ ಆಗಲಿಲ್ಲ. ಮರುದಿನದಿಂದ ತಾತ್ಕಾಲಿಕ ವ್ಯವಸ್ಥೆ. ಪ್ರಯಾಣಿಕರು ಪೆಚ್ಚಾದ ತಟ್ಟೆಗಳ ಫೋಟೋ ಹಾಕಿದರು, ದೇಶದ ಮಾನ ಹೋಯಿತು ಅಂತ ಚರ್ಚೆಯಾಯಿತು, ಸಾರಿಗೆ ಸಚಿವರವರೆಗೂ ಹೋಯಿತು. ಬೇರೆ ಅಡುಗೆಮನೆ ಹುಡುಕಿಕೊಂಡರೆ ಆಗಲ್ವಾ? ಅಷ್ಟು ಸುಲಭ ಇಲ್ಲ. ವಿಮಾನದ ಅಡುಗೆಮನೆ ನಿಲ್ದಾಣದ ಹತ್ತಿರವೇ ಇರಬೇಕು, ದಿನಕ್ಕೆ ಸಾವಿರಾರು ಊಟ ತಣಿಸಿ ತುಂಬುವ ಸಾಮರ್ಥ್ಯ ಬೇಕು, ಭದ್ರತಾ ಅನುಮತಿ ಬೇಕು, ಇಲ್ಲಿ ಹಲಾಲ್ ಪ್ರಮಾಣಪತ್ರವೂ ಬೇಕು. ಇಪ್ಪತ್ತು ವರ್ಷ ಒಬ್ಬರಿಗೇ ಕೆಲಸ ಕೊಟ್ಟರೆ ಎರಡನೆಯವರು ಬೆಳೆಯುವುದು ಎಲ್ಲಿಂದ?

ಚರ್ಚೆಯಲ್ಲಿ ಬಿಸಿನೆಸ್ ಕ್ಲಾಸಿನ ತಟ್ಟೆಗೆ ಸಿಕ್ಕ ಗಮನ ಅಡುಗೆಮನೆಯಲ್ಲಿ ಮಾಂಸ ಕೊಚ್ಚುವ, ಟ್ರೇ ತುಂಬುವ ಕೆಲಸಗಾರರಿಗೆ ಸಿಗಲಿಲ್ಲ. ಕರಾರು ಕಳಚಿದಾಗ ಮೊದಲು ಅಲುಗಾಡುವುದು ಅವರ ಸಂಬಳ.

ಪರದೆಯ ಆಚೆಗೇ ಯಾಕೆ ಇಷ್ಟು ಕಾಳಜಿ ಅಂದರೆ, ಐಯಾಟಾದ ಕೋವಿಡ್ ಪೂರ್ವ ಅಂಕಿಗಳ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣಿಕರಲ್ಲಿ ಪ್ರೀಮಿಯಂ ಕ್ಲಾಸಿನವರು ಸುಮಾರು ಶೇ 5, ಆದಾಯದಲ್ಲಿ ಅವರ ಪಾಲು ಸುಮಾರು ಶೇ 30. ನಾಲ್ಕು ಕಡ್ಡಿ ಸಾತೆಯ ಖರ್ಚು ಆ ಟಿಕೆಟ್ಟಿನ ಎದುರು ಏನೂ ಅಲ್ಲ. ಅದೇ ಖರ್ಚನ್ನು ಹಿಂದಿನ ಇನ್ನೂರೈವತ್ತು ಸೀಟಿಗೆ ಗುಣಿಸಿದರೆ ಲೆಕ್ಕಪತ್ರದವರು ಎದ್ದು ನಿಲ್ತಾರೆ. (ಮಾಲಿನ್ಯದ ಲೆಕ್ಕವೂ ಇದೆ: ವಿಶ್ವಬ್ಯಾಂಕಿನ 2013ರ ಅಧ್ಯಯನದಂತೆ ಬಿಸಿನೆಸ್ ಸೀಟಿನ ಇಂಗಾಲದ ಹೊರೆ ಎಕಾನಮಿಯ ಸುಮಾರು ಮೂರು ಪಟ್ಟು. ಮಲಗುವಷ್ಟು ಜಾಗ ಒಬ್ಬರಿಗೆ ಕೊಟ್ಟರೆ ಇನ್ನೇನಾಗುತ್ತೆ.)

ನಮ್ಮಲ್ಲೂ ಇದು ಆಗಿದೆ. 2017ರಲ್ಲಿ, ಇನ್ನೂ ಸರ್ಕಾರದ ಕೈಯಲ್ಲಿದ್ದ ಏರ್ ಇಂಡಿಯಾ ದೇಶದೊಳಗಿನ ವಿಮಾನಗಳ ಎಕಾನಮಿಯಲ್ಲಿ ಮಾಂಸದೂಟ ನಿಲ್ಲಿಸಿತು. ಖರ್ಚು ಉಳಿಸೋಕೆ, ಊಟ ವ್ಯರ್ಥವಾಗದಿರೋಕೆ ಅಂದರು. ಬಿಸಿನೆಸ್ ಕ್ಲಾಸಿನಲ್ಲಿ ಮಾಂಸ ಮುಂದುವರಿಯಿತು. ಆಗ ಮಾಂಸಾಹಾರದ ರಾಜಕೀಯದ ಬಗ್ಗೆ ನಾವೆಲ್ಲ ಮಾತಾಡಿದೆವು, ವರ್ಗದ ಬಗ್ಗೆ ಅಷ್ಟು ಮಾತಾಡಲಿಲ್ಲ. ಕೋಳಿ ಅಪವಿತ್ರ ಆಗಿದ್ದು ಪರದೆಯ ಈಚೆಗೆ ಮಾತ್ರ.

ಇನ್ನು ಬೆಂಗಳೂರಿಗೆ ಇದರ ನಂಟು. ಸಿಂಗಪುರ ಏರ್‌ಲೈನ್ಸ್‌ನ ಅಡುಗೆ ಮತ್ತು ನೆಲದ ಸೇವೆಯ ಅಂಗವಾಗಿ ಬೆಳೆದ ಸ್ಯಾಟ್ಸ್, 2009ರಲ್ಲಿ ಅದರಿಂದ ಬೇರ್ಪಟ್ಟಿತು. ಮುಂದೆ ಇದೇ ಸ್ಯಾಟ್ಸ್ ಮಲೇಷ್ಯಾದ ಬ್ರಾಹಿಮ್ಸ್‌ನ ವಿಮಾನ ಅಡುಗೆ ವ್ಯವಹಾರದಲ್ಲೂ ಪಾಲು ಕೊಂಡಿತು. ತಾಜ್ ಹೋಟೆಲ್‌ಗಳ ಮಾಲೀಕ ಕಂಪನಿಯ ಜೊತೆ ಸೇರಿ ಅದು ನಡೆಸುವ ತಾಜ್‌ಸ್ಯಾಟ್ಸ್‌ಗೆ ಬೆಂಗಳೂರಿನಲ್ಲೂ ಅಡುಗೆಮನೆ ಇದೆ. ಏರ್ ಇಂಡಿಯಾ ಜೊತೆಗಿನ ಜಂಟಿ ಕಂಪನಿ ಕೆಂಪೇಗೌಡ ನಿಲ್ದಾಣದಲ್ಲಿ ಸಾಮಾನು ಸಾಗಿಸುತ್ತದೆ. 2024ರ ನವೆಂಬರ್‌ನಲ್ಲಿ ವಿಸ್ತಾರಾ ವಿಲೀನವಾದ ಮೇಲೆ ಏರ್ ಇಂಡಿಯಾದ ಶೇ 25.1 ಪಾಲು ಸಿಂಗಪುರ ಏರ್‌ಲೈನ್ಸ್‌ನದ್ದು. ಕ್ವಾಲಾಲಂಪುರದಲ್ಲಿ ಆ ಸೆಪ್ಟೆಂಬರ್‌ನಲ್ಲಿ ತಡವಾಗಿ ಕೇಳಿದ ಪ್ರಶ್ನೆಗಳನ್ನು ನಾವು ದೇವನಹಳ್ಳಿಯಲ್ಲಿ ಸ್ವಲ್ಪ ಮುಂಚೆಯೇ ಕೇಳಬಹುದು: ಅಡುಗೆಮನೆ ಎಷ್ಟಿವೆ, ಯಾರ ಯಾರ ಪಾಲಿದೆ, ಕರಾರು ಎಷ್ಟು ವರ್ಷದ್ದು, ಅಲ್ಲಿ ರಾತ್ರಿಪಾಳಿ ಟ್ರೇ ತುಂಬುವವರಲ್ಲಿ ಗುತ್ತಿಗೆಯವರೆಷ್ಟು, ಕಾಯಂ ಎಷ್ಟು.