ಮನೆ ಮಾರತ್ತಹಳ್ಳಿಯಲ್ಲಿ, ಕೇಸು ಸಿದ್ದಯ್ಯ ರಸ್ತೆಯಲ್ಲಿ

ಊರಲ್ಲಾದರೆ ಗಂಡ-ಹೆಂಡತಿಯ ತಕರಾರು ಮೊದಲು ಮನೆಯ ಹಿರಿಯರ ಮುಂದೆ, ಆಮೇಲೆ ಜಮಾಅತಿನ ಮುಂದೆ ಬರುತ್ತದೆ. ಖತೀಬರ ಎರಡು ಮಾತಿಗೆ ಮುಗಿಯುವುದೂ ಉಂಟು. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆಯಲ್ಲಿರುವ ನಮ್ಮ ಮಕ್ಕಳಿಗೆ ಆ ಜಮಾಅತ್ ಸುಮಾರು 350 ಕಿಲೋಮೀಟರ್ ದೂರ. ಮಾತು ಮುರಿದ ರಾತ್ರಿ ಕೈಗೆ ಸಿಗುವುದು ಮೊಬೈಲ್. ‘ಹತ್ತಿರದ ಡಿವೋರ್ಸ್ ಲಾಯರ್’ ಎಂದು ಹುಡುಕಿದರೆ ಹೆಸರು, ನಕ್ಷತ್ರ, ಫೋನ್ ನಂಬರ್ ಸಾಲುಸಾಲಾಗಿ ಬರುತ್ತವೆ.

ಆ ನಕ್ಷತ್ರಗಳನ್ನು ನಾವು ನಂಬಬೇಕಾಗಿಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಆನ್‌ಲೈನ್ ಪಟ್ಟಿಗಳ ವಿರುದ್ಧ ಕ್ರಮಕ್ಕೆ ಸೂಚಿಸಿತ್ತು.

‘ಹತ್ತಿರ’ ಎಂಬುದಕ್ಕೂ ಹೆಚ್ಚು ಅರ್ಥವಿಲ್ಲ. ಫ್ಯಾಮಿಲಿ ಕೋರ್ಟ್ ಇರುವುದು ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ರಿಂಗ್ ರೋಡ್ ಪಕ್ಕ ಆಫೀಸ್ ಇದ್ದರೆ ಸಹಿ ಹಾಕಲು ಅನುಕೂಲ, ಅಷ್ಟೆ. ಆ ಕೋರ್ಟಿಗೆ ದಿನವೂ ಹೋಗುವವರು ಯಾರು, ತಾರೀಕಿನ ದಿನ ತಾವೇ ನಿಲ್ಲುತ್ತಾರೋ ಜೂನಿಯರ್‌ನನ್ನು ಕಳಿಸುತ್ತಾರೋ ಎಂಬುದನ್ನು ಮೊದಲೇ ಕೇಳಿ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದಕ್ಕೂ ಸಂಕೋಚ ಬೇಡ.

ಇನ್ನೊಂದು ಪರೀಕ್ಷೆ ಉಂಟು. ಮೊದಲ ಭೇಟಿಯಲ್ಲಿ ಅವರು ಮಹರ್ ಎಷ್ಟು ಪವನು, ನಿಕಾಹ್ ಯಾವ ಮಸೀದಿಯ ರಿಜಿಸ್ಟರಿನಲ್ಲಿದೆ ಎಂದು ಕೇಳಿದರೋ? ಅದನ್ನು ಬಿಟ್ಟು ‘13ಬಿ ಹಾಕೋಣ, ಆರು ತಿಂಗಳು’ ಎಂದರೆ ಎದ್ದು ಬನ್ನಿ ಮಾರಾಯ್ರೆ, ಅದು ಹಿಂದೂ ವಿವಾಹ ಕಾಯ್ದೆಯ ಕಲಂ. ನಮ್ಮ ಹೆಣ್ಣುಮಕ್ಕಳಿಗೆ ಬೇಕಾದದ್ದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ಗಂಡನ ಸುಳಿವೇ ನಾಲ್ಕು ವರ್ಷ ಇಲ್ಲದಿದ್ದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಹಿಂಸೆ ಕೊಟ್ಟರೆ ಆಕೆ ಕೋರ್ಟಿನಿಂದ ಬಿಡುಗಡೆ ಕೇಳಬಹುದು. ಇಬ್ಬರೂ ಒಪ್ಪಿದ್ದರೆ ಮುಬಾರಾತ್ ಇದೆ. ನಿಕಾಹ್ ಕಾಸರಗೋಡು ಕಡೆ ಆಗಿದ್ದವರು ಖುಲಾ ಬಗ್ಗೆ ಕೇರಳ ಹೈಕೋರ್ಟಿನ 2021ರ ತೀರ್ಪನ್ನೂ ವಕೀಲರಲ್ಲಿ ವಿಚಾರಿಸಬೇಕು.

ಗಂಡಿನ ಕಡೆಯವರಿಗೂ ಒಂದು ಮಾತು. ಒಂದೇ ಉಸಿರಿನ ಮೂರು ತಲಾಕನ್ನು ಸುಪ್ರೀಂ ಕೋರ್ಟ್ 2017ರಲ್ಲೇ ಅಸಿಂಧು ಎಂದಿದೆ, 2019ರ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು. ‘ನೋಟಿಸಿನಲ್ಲಿ ಮೂರು ಸಲ ಬರೆದು ಕಳಿಸೋಣ’ ಎನ್ನುವ ವಕೀಲ ನಿಮ್ಮನ್ನು ಠಾಣೆಗೆ ಕಳಿಸುತ್ತಿದ್ದಾನೆ.

ಜೀವನಾಂಶದ ಲೆಕ್ಕ ಬೇರೆ. ತಲಾಕ್ ಆದ ಮುಸ್ಲಿಂ ಮಹಿಳೆಯೂ 125ನೇ ಕಲಂ ಅಡಿ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಹೇಳಿತು. ಹೊಸ ಸಂಹಿತೆಯಲ್ಲಿ ಅದೀಗ 144ನೇ ಕಲಂ. ಹೆಂಡತಿ ಈಗ ವಾಸವಿರುವ ಊರಲ್ಲೇ ಈ ಅರ್ಜಿ ಹಾಕಬಹುದು. ತವರಿಗೆ ಮರಳಿದವಳು ಮಂಗಳೂರಿನಲ್ಲೇ ಹಾಕಲಿ. ಪ್ರತಿ ತಾರೀಕಿಗೆ ಮಗುವನ್ನೆತ್ತಿಕೊಂಡು ರಾತ್ರಿ ಬಸ್ಸು ಯಾಕೆ?

ಫೀಸು ಹಂತ ಹಂತಕ್ಕೆ ಎಷ್ಟೆಂದು ಬರೆಸಿಕೊಳ್ಳಿ, ರಸೀದಿ ಪಡೆಯಿರಿ. ‘ಸಿಕ್ಕಿದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮವೇ ಅಡ್ಡಿ. ಖಾಲಿ ಹಾಳೆಗೆ ಸಹಿ ಬೇಡ. ನಿಕಾಹ್ ಸರ್ಟಿಫಿಕೇಟಿನ ಝೆರಾಕ್ಸ್ ಕೊಡಿ, ಮೂಲಪ್ರತಿ ಉಮ್ಮನ ಕಪಾಟಿನಲ್ಲೇ ಇರಲಿ. ವಕೀಲರನ್ನು ಬದಲಿಸುವಾಗ ಫೀಸು ಬಾಕಿ ಎಂದು ಫೈಲ್ ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹಾಗೆಂದಿದೆ.

ಹಣವಿಲ್ಲ ಎಂದು ಸುಮ್ಮನಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಹಲವರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಮಿತಿಯೂ ಇಲ್ಲ, ಸಾಫ್ಟ್‌ವೇರ್ ಕೆಲಸದಲ್ಲಿದ್ದರೂ ಸರಿ. ರಾಜ್ಯ ಪ್ರಾಧಿಕಾರದ ಕಚೇರಿ ಇರುವುದೂ ಅದೇ ನ್ಯಾಯ ದೇಗುಲದಲ್ಲಿ. ಸಹಾಯವಾಣಿ 15100.